ಮೂಡಣ ಪಾಲಿನ ಮಣ್ಣು

ಮೀಟರಿನ ಕಡ್ಡಿಯನ್ನು ತೊಳೆದು, ಮಣ್ಣು ಕಲಸಿದ ನೀರಿಗೆ ಮತ್ತೆ ಅದ್ದಿದೆ. ಅದೇ ಅಂಕಿ. ಇಷ್ಟು ಉಪ್ಪಿದ್ದರೆ ಮೆಕ್ಕೆಜೋಳದ ಮೊಳಕೆ ಮೇಲೇಳುವುದೇ ಕಷ್ಟ. ನನ್ನ ಕೈಯ ಮೇಲೆ ನನಗೆ ಯಾವಾಗಲೂ ಅನುಮಾನ. ಕಲಸಲು ಬಳಸಿದ ನೀರನ್ನೂ ಅಳೆದು ನೋಡಿದೆ. ನೀರಿನಲ್ಲಿ ದೋಷವಿರಲಿಲ್ಲ.

ಎದುರಿಗೆ ಕೂತ ವಾಣಿಶ್ರೀ ನನ್ನ ಮುಖವನ್ನೇ ನೋಡುತ್ತಿದ್ದಳು. ನಾರಾಯಣಪೇಟೆಯ ನೇಕಾರರ ಮನೆಯ ಸೊಸೆ. ಗಂಡ ಸೊಲ್ಲಾಪುರದಲ್ಲಿ ಮಗ್ಗದ ಕೆಲಸಕ್ಕಿದ್ದಾನೆ. ಮಕ್ತಲ್ ದಾರಿಯ ಹೊಲವನ್ನು ಅಣ್ಣ ತಮ್ಮಂದಿರು ಹಂಚಿಕೊಳ್ಳುತ್ತಿದ್ದರು. ಮೂಡಣ ಪಾಲು ಇವಳಿಗೆ, ಪಡುವಣದ್ದು ಭಾವ ಮಾರ್ಕಂಡೇಯನಿಗೆ. ಮಣ್ಣು ಒಗ್ಗಿದರೆ ಮೆಕ್ಕೆಜೋಳ, ಇಲ್ಲವಾದರೆ ಪಾಲಿಗೆ ಒಪ್ಪುವುದಿಲ್ಲ ಎಂದು ತೀರ್ಮಾನಿಸಿಯೇ ಮಕ್ತಲ್‌ನ ನನ್ನ ಪರೀಕ್ಷಾ ಕೋಣೆಗೆ ಮಣ್ಣು ತಂದಿದ್ದಳು.

“ಸವಳು ತೋರಿಸ್ತೈತಿ,” ಎಂದೆ.

“ಭಾವಗ ಗೊತ್ತಿತ್ತು! ‘ವಾಣಿ, ಮೂಡಣದ್ದು ನೀನ ತಗೋಳವ್ವ’ ಅಂತ ತಾನಾಗೇ ಅಂದಾಗನ ನನಗ ಡೌಟ್ ಬಂತ್ರಿ. ಬರ್ದು ಕೊಡ್ರಿ ಸಾರ್, ಮಂದ್ಯಾಗ ಕೇಳ್ತೀನಿ.”

ಪೆನ್ನು ತೆಗೆದೆ. ಆದರೆ ಬರೆಯಲಾಗಲಿಲ್ಲ. “ಬೇಸಿಗ್ಯಾಗ ನೆಲದ ಮ್ಯಾಲ ಬೆಳ್ಳಗ ಉಪ್ಪು ಮೂಡತೈತೇನ್ರಿ?”

“ಇಲ್ರಿ. ಹೋದ ವರ್ಷ ತೊಗರಿ ಎದಿಮಟ ಬಂದಿತ್ತು.”

ಇಂಥ ಸವಳಿನಲ್ಲಿ ತೊಗರಿ ಎದೆಮಟ್ಟ ಬರುವುದಿಲ್ಲ. ಇವಳು ಬೇರೆ ಯಾರದೋ ಹೊಲದ ಮಣ್ಣು ತಂದಿರಬಹುದೇ? ಬೇಕೆಂತಲೇ? ನಾನೇ ಬಂದು ತೋಡುತ್ತೇನೆ ಎಂದೆ. ಅವಳ ಹುಬ್ಬು ಗಂಟಾಯಿತು.

ಮರುದಿನ ವಾಣಿಶ್ರೀಯ ಜೊತೆ ಹೊಲಕ್ಕೆ ಹೋದಾಗ ಮಾರ್ಕಂಡೇಯ ಬದುವಿನ ಮೇಲೆ ಕೂತಿದ್ದ.

“ನೀವು ಆಕಿ ಕಡೆಯವ್ರೇನ್ರಿ?”

“ಮಣ್ಣಿನ ಕಡೆಯವ,” ಎಂದೆ. ಅವನು ನಗಲಿಲ್ಲ.

ಬದು, ಮರದ ನೆರಳು, ಹಳೆಯ ತಿಪ್ಪೆಯ ಜಾಗ ಬಿಟ್ಟು, ಹೊಲದುದ್ದಕ್ಕೂ ಅಡ್ಡಾದಿಡ್ಡಿ ನಡೆದು ಅಲ್ಲಲ್ಲಿ ಗೇಣುದ್ದ ತೋಡಿದೆ. ಗುಂಡಿಯ ಗೋಡೆಯಿಂದ ಒಂದೇ ದಪ್ಪದ ಹೋಳು ತೆಗೆದು, ಎಲ್ಲ ಬೆರೆಸಿ, ಒಂದು ಹಿಡಿಯನ್ನು ನೀರಿನಲ್ಲಿ ಕಲಸಿ ಕಡ್ಡಿ ಅದ್ದಿದೆ. ಉಪ್ಪು ಇಲ್ಲವೆಂಬಷ್ಟು ಕಡಿಮೆ. ನಂಬಿಕೆ ಬರದೆ ಮತ್ತೊಮ್ಮೆ ಮಾಡಿದೆ. ಅಷ್ಟೇ.

“ನಿಮ್ಮ ಮೀಟರ್‌ನೂ ಮಂದಿ ಮಾರಿ ನೋಡಿ ಮಾತಾಡತೈತೇನು?” ಎಂದ ಮಾರ್ಕಂಡೇಯ.

ವಾಣಿಶ್ರೀ ಮಣ್ಣು ತಂದಿದ್ದ ಬಟ್ಟೆಯ ಚೀಲ ನನ್ನ ಬಳಿಯೇ ಇತ್ತು. ಹೊರತೆಗೆದು ತಿರುವಿದೆ. ಒಳಹೊಲಿಗೆಯಲ್ಲಿ ಕೆಂಪು ಬಣ್ಣ ಕೂತಿತ್ತು.

“ಇದು ಎಲ್ಲಿತ್ರಿ?” ಎಂದು ಅವಳನ್ನು ಕೇಳಿದೆ.

“ಬಣ್ಣದ ಮನ್ಯಾಗ ಗೂಟಕ್ಕ ಇತ್ತು. ಜಾಡಿಸಿ ತಂದೀನಿ.”

“ಉಪ್ಪಿನ ಚೀಲ ಅದು,” ಎಂದ ಮಾರ್ಕಂಡೇಯ ಎದ್ದು ನಿಂತು. “ನೂಲಿಗೆ ಬಣ್ಣ ಹಿಡೀಲಿ ಅಂತ ಹಾಕೋ ಉಪ್ಪು. ಅದರಾಗ ಕಟ್ಟೀಯೇನು?”

ಚೀಲದ ಮೂಲೆಯನ್ನು ನೆನೆಸಿ ಹಿಂಡಿ, ಆ ನೀರಿಗೆ ಕಡ್ಡಿ ಅದ್ದಿದೆ. ಅಂಕಿ ಜಿಗಿಯಿತು. ಮಳೆಗೆ ನೆಂದ ಮಣ್ಣು ಆ ಚೀಲದಲ್ಲೇ ಕೂತು ಉಪ್ಪು ಹೀರಿತ್ತು.

“ಯಾರು ಕೊಟ್ರು ನಿಮಗ ಈ ಚೀಲ?” ಎಂದೆ. ಕೇಳದೆ ಇರಲಾಗಲಿಲ್ಲ.

ವಾಣಿಶ್ರೀ ತಲೆ ತಗ್ಗಿಸಿದಳು. “ನಾನ ತಗೊಂಡೀನ್ರಿ.”

ಮೆಕ್ಕೆಜೋಳ ಬರುತ್ತದೆ, ಸಾರ ಕಡಿಮೆ ಇರುವುದರಿಂದ ಕೊಟ್ಟಿಗೆ ಗೊಬ್ಬರ ಹಾಕಿ, ಬುಡದಲ್ಲಿ ನೀರು ನಿಲ್ಲಲು ಬಿಡಬೇಡಿ ಎಂದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

“ಭಾವ ಸವಳು ಕೊಟ್ಟ ಅಂತ ನಿನ್ನೆ ಓಣಿಗೆಲ್ಲಾ ಹೇಳೀಯಲ್ಲ,” ಎಂದ ಮಾರ್ಕಂಡೇಯ. “ಈಗ ನನ್ನ ಪಾಲೂ ತೋಡ್ರಿ ಸಾರ್. ಯಾವದು ಚಲೋ ಐತೋ ಅದನ್ನ ಆಕಿನ ಆರಿಸ್ಕೋಲಿ.”

“ಬ್ಯಾಡ ಭಾವ. ತಪ್ಪಾತು. ನನಗ ಮೂಡಣದ್ದ ಸಾಕು.”

“ತೋಡ್ರಿ ಅಂದೆ.”

ಪಡುವಣದಲ್ಲಿ ತೋಡಿದೆ. ಮಣ್ಣು ಹಾಕಲು ವಾಣಿಶ್ರೀ ಸೆರಗು ಒಡ್ಡಿದಳು. “ನೀ ಮುಟ್ಟಬ್ಯಾಡ,” ಎಂದು ಅವನು ಹೆಗಲ ಟವೆಲ್ ಎಳೆದು ಹಾಸಿದ. ಅದರ ತುಂಬ ಬಣ್ಣದ ಮನೆಯ ಕೆಂಪು ಕಲೆಗಳು. ಮೂವರೂ ನೋಡಿದೆವು. ವಾಣಿಶ್ರೀ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಟವೆಲ್ ಮಡಚಿ ಹೆಗಲಿಗೇರಿಸಿದ.

ನನ್ನ ಹೊಸ ಪ್ಲಾಸ್ಟಿಕ್ ಕವರ್ ಕೊಟ್ಟೆ. ಅದರ ಬಾಯಿ ಅಗಲಿಸಲು ಇಬ್ಬರು ಬೇಕಿತ್ತು.

“ಆ ಕಡೆ ಹಿಡಿ ವಾಣಿ,” ಎಂದ ಮಾರ್ಕಂಡೇಯ. “ಎರಡೂ ಕೈ ಕಾಣೋ ಹಂಗ ಹಿಡಿ.”