ಮುಂಬಾಗಿಲಿಗೆ ಅಂಟಿಸಿದ ಸಮನ್ಸು

ಕೋರ್ಟು ಹಾಲಿನ ಫ್ಯಾನು ಎಷ್ಟು ಎತ್ತರದಲ್ಲಿತ್ತೆಂದರೆ, ಅದರ ಗಾಳಿ ಕೆಳಗೆ ಕೂತವರನ್ನು ಮುಟ್ಟುವಷ್ಟರಲ್ಲಿ ಮನಸ್ಸು ಬದಲಾಯಿಸಿ ಬೇರೆ ಕಡೆ ಹೋಗಿಬಿಡುತ್ತಿತ್ತು. ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಚಿಕ್ಕವಳು ಕೂತಿದ್ದಳು. ನಲವತ್ತು ದಾಟಿದ ಹೆಂಗಸು. ಮನೆಯಲ್ಲಿ ಇಬ್ಬರೇ ಹೆಣ್ಣುಮಕ್ಕಳು, ಒಬ್ಬಳು ದೊಡ್ಡವಳಾದರೆ ಇನ್ನೊಬ್ಬಳು ಚಿಕ್ಕವಳು. ಆ ಕರೆಯುವ ಹೆಸರು ತಲೆ ನರೆತರೂ ಅವಳನ್ನು ಬಿಟ್ಟಿರಲಿಲ್ಲ.

ಅಪ್ಪ ಬಿಟ್ಟುಹೋದದ್ದು ಕನ್ನಡಕದ ಗಾಜು ಉಜ್ಜುವ ಒಂದು ಕಾರ್ಖಾನೆ, ಅದರ ಮೇಲೆ ಮನೆ. ಅಕ್ಕತಂಗಿಯರಿಬ್ಬರೂ ಅಲ್ಲೇ ದುಡಿದವರು. ಮಾತಿಗೆ ಮಾತು ಬೆಳೆದ ಒಂದು ದಿನ ಚಿಕ್ಕವಳು ಬಟ್ಟೆ ತುಂಬಿಕೊಂಡು ಹೊರಟು ಬಂದು, ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ. ಕೊನೆಗೆ ಕಾರ್ಖಾನೆಯಲ್ಲಿ ಅರ್ಧ ತನಗೆ ಸೇರಬೇಕೆಂದು ಅಕ್ಕನ ಮೇಲೆ ದಾವೆ ಹಾಕಿದಳು.

"ಬರಲ್ಲ ಬಿಡಿ," ಎಂದರು ಅವಳ ವಕೀಲರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಬರೋರಾಗಿದ್ರೆ ಇಷ್ಟೊತ್ತಿಗೆ ಮುಖ ತೋರಿಸ್ತಿದ್ರು. ಇವತ್ತು ಅವರನ್ನ ಏಕಪಕ್ಷೀಯ ಅಂತ ಮಾಡ್ತಾರೆ. ಆಮೇಲೆ ನಾವು ಹೇಳಿದ್ದೇ ಸಾಕ್ಷಿ. ಎದುರು ಮಾತಾಡೋರೇ ಇರಲ್ಲ. ಕೋರ್ಟು ಖರ್ಚೂ ಅವರ ತಲೆಗೇ."

"ಅವಳ ಮಾತು ಕೇಳೋದೇ ಇಲ್ವಾ?"

"ಕರೆದಾಗ ಬರ್ದೇ ಇದ್ರೆ ಮನೆಗೆ ಹೋಗಿ ಕೇಳ್ತಾರಾ ಅಮ್ಮಾ?"

ಅಂಚೆಯಲ್ಲಿ ಹೋದ ಸಮನ್ಸು 'ಬಾಗಿಲು ಮುಚ್ಚಿದೆ' ಎಂಬ ಷರಾದೊಂದಿಗೆ ವಾಪಸು ಬಂದಿತ್ತು. ಕೋರ್ಟಿನ ಕಾಗದ ಮುಟ್ಟಿಸುವ ಅಮೀನ ಹೋದಾಗಲೂ ಅದೇ ಕಥೆ. ಆಮೇಲೆ ಬಾಗಿಲಿಗೇ ಅಂಟಿಸಿ ಬರಲು ಅಪ್ಪಣೆಯಾಯಿತು. ಮನೆ ಇದೇ ಎಂದು ಗುರುತು ತೋರಿಸಲು ಚಿಕ್ಕವಳೇ ಅಮೀನನ ಜೊತೆ ಹೋಗಿದ್ದಳು. ಅವನು ಅಂಟು ಬಳಿಯುತ್ತಿದ್ದಾಗ, ಒಳಗಿದ್ದೂ ಓಗೊಡದ ಅಕ್ಕನ ಮೇಲೆ ಸಿಟ್ಟು ನೆತ್ತಿಗೇರಿತ್ತು.

ಕೇಸಿನ ನಂಬರು ಬಂತು. ಕೂಗುವವನು ಎದ್ದು ಹಾಲಿನ ಬಾಗಿಲಿಗೆ ಹೋದ. ಊದಿದರೆ ಹಾರಿಹೋಗುವಂಥ ಮನುಷ್ಯ. ಆದರೆ ದನಿ ತೆಗೆದದ್ದೇ ತಡ, ಕಾರಿಡಾರಿನ ಉದ್ದಕ್ಕೂ ಜನ ಮಾತು ನಿಲ್ಲಿಸಿದರು. ಅಕ್ಕನ ಪೂರ್ತಿ ಹೆಸರು, ಅದರ ಹಿಂದೆ ಅಪ್ಪನ ಹೆಸರು. ಆ ಹೆಸರು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ತನಕ ಹೋಗಿ ಹುಡುಕಿದಂತಿತ್ತು. ಅವನು ಕಾದ. ಮತ್ತೆ ಕೂಗಿದ. ಮತ್ತೆ ಕಾದ. ಮೂರನೆಯ ಸಲವೂ ಕೂಗಿದ.

ಮೂರನೆಯ ಕೂಗಿನ ಹಿಂದೆ ಬಂದ ಮೌನದಂಥದ್ದನ್ನು ಚಿಕ್ಕವಳು ಹಿಂದೆಂದೂ ಕೇಳಿರಲಿಲ್ಲ. ಅಷ್ಟು ಜನ ವಕೀಲರು, ಎತ್ತರದ ಪೀಠದ ಮೇಲೆ ನ್ಯಾಯಾಧೀಶರು, ಸಾಯಲು ಪುರುಸೊತ್ತಿಲ್ಲ ಎನ್ನುವ ಗುಮಾಸ್ತರು, ಎಲ್ಲರೂ ಗಾಜು ಉಜ್ಜುವ ಒಬ್ಬ ಹೆಂಗಸಿಗಾಗಿ ಆ ಗಳಿಗೆ ಸುಮ್ಮನಿದ್ದರು. ಮನೆಯಲ್ಲಿ ಅಕ್ಕನ ಮಾತಿಗಾಗಿ ಹೀಗೆ ಯಾರು ತಾನೇ ಕಾದಿದ್ದರು? ಚಿಕ್ಕವಳಂತೂ ಕಾದಿರಲಿಲ್ಲ. ಅಕ್ಕ ಬಾಯಿ ತೆರೆಯುವುದರೊಳಗೆ ಉತ್ತರ ಕೊಟ್ಟು ಮುಗಿಸುವವಳು ಅವಳು.

ನ್ಯಾಯಾಧೀಶರು ಅಮೀನನ ವರದಿ ಓದಿದರು. "ಮುಂಬಾಗಿಲು ಒಳಗಿನಿಂದ ಭದ್ರವಾಗಿತ್ತು. ಬಡಿದರೂ ಉತ್ತರವಿಲ್ಲ. ವಾದಿ ಗುರುತಿಸಿದ ಮೇರೆಗೆ ಮುಂಬಾಗಿಲಿಗೆ ಅಂಟಿಸಲಾಗಿದೆ."

ಮುಂಬಾಗಿಲು.

ಚಿಕ್ಕವಳು ಥಟ್ಟನೆ ತಲೆಯೆತ್ತಿದಳು. ಆ ಬಾಗಿಲಿನ ಹಿಂದೆ ಇರುವುದು ಉಜ್ಜುವ ದೊಡ್ಡ ಮಷೀನು. ಅಪ್ಪ ಇದ್ದಾಗಲೇ, ಜಾಗ ಸಾಲದೆ, ಅವಳೂ ಅಕ್ಕನೂ ಸೇರಿ ಅದನ್ನು ತಳ್ಳಿ ಬಾಗಿಲಿಗೆ ಒತ್ತಿ ನಿಲ್ಲಿಸಿದ್ದರು. ಅಲ್ಲಿಂದೀಚೆಗೆ ಹೋಗುವುದು ಬರುವುದು ಎಲ್ಲ ಹಿಂದಿನ ಓಣಿಯಿಂದಲೇ. ಮುಂದಿನ ಬೀದಿಯಲ್ಲಿ ಎದುರಿಗೆ ಗೋದಾಮಿನ ಉದ್ದ ಗೋಡೆ, ನರಪಿಳ್ಳೆ ಸುಳಿಯದು. ಆದರೂ ಮನೆಮಂದಿಯ ಮಾತಿನಲ್ಲಿ ಅದು ಮುಂಬಾಗಿಲೇ, ಮನೆಯ ನಂಬರು ಇರುವುದೂ ಅದರ ಮೇಲೇ. 'ಬಾಗಿಲು ಯಾವುದಮ್ಮ?' ಎಂದು ಅಮೀನ ಕೇಳಿದಾಗ ಅವಳ ಕೈ ತಾನಾಗಿ ಅತ್ತ ಎದ್ದಿತ್ತು; ಸಿಟ್ಟಿನ ಭರದಲ್ಲಿ ಮಷೀನಿನ ನೆನಪೇ ಬಂದಿರಲಿಲ್ಲ. ಅಕ್ಕ ತಪ್ಪಿಸಿಕೊಂಡಿರಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ.

ಸುಮ್ಮನಿದ್ದರೆ ಸಾಕು. ಅರ್ಧ ಕಾರ್ಖಾನೆ ಕೈಗೆ ಬಂದಂತೆಯೇ.

ನ್ಯಾಯಾಧೀಶರು ಪೆನ್ನು ಎತ್ತಿದರು. ಚಿಕ್ಕವಳು ಎದ್ದು ನಿಂತಳು. ಯಾಕೆ ಎದ್ದೆ ಎಂದು ಅವಳಿಗೇ ತಿಳಿಯಲಿಲ್ಲ. ಆ ಮೌನ ಇನ್ನೂ ಮುಗಿದಿಲ್ಲ ಎಂದಷ್ಟೇ ಅನಿಸಿತ್ತು.

"ಸ್ವಾಮಿ, ಆ ಬಾಗಿಲು ತೆಗೆಯೋದಿಲ್ಲ."

"ಕೂತ್ಕೊಳ್ಳಿ," ಎಂದು ವಕೀಲರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಕೈಯಾರೆ ಕೆಡಿಸ್ಕೋತೀರಲ್ಲ!"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹೇಳಿ."

ಅವಳು ತಡವರಿಸುತ್ತ ಮಷೀನಿನ ವಿಷಯ, ಓಣಿಯ ವಿಷಯ ಹೇಳಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ.

"ಅಂದ್ರೆ, ನಿಮ್ಮ ಅಕ್ಕನಿಗೆ ಇದು ತಲುಪಿಲ್ಲ ಅಂತೀರಾ?"

"ತಲುಪಿರಲಿಕ್ಕಿಲ್ಲ ಸ್ವಾಮಿ. ತಪ್ಪು ಬಾಗಿಲು ತೋರ್ಸಿದ್ದು ನಾನೇ."

"ಇದರಿಂದ ನಿಮಗೇ ನಷ್ಟ, ಗೊತ್ತಲ್ಲ?"

"ಗೊತ್ತು."

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬರೆಸಿದರು: ಹೊಸ ಸಮನ್ಸು ಹೊರಡಿಸುವುದು, ಪ್ರತಿವಾದಿಯ ಕೈಗೇ ಕೊಡುವುದು, ವಾದಿ ಜೊತೆಗಿದ್ದು ಗುರುತಿಸುವುದು. ಇದರ ಖರ್ಚು ವಾದಿಯದು. ಮುಂದೆ ಕೇಸು ಗೆದ್ದರೂ ಈ ಖರ್ಚನ್ನು ಪ್ರತಿವಾದಿಯಿಂದ ವಸೂಲು ಮಾಡುವಂತಿಲ್ಲ. ಕರೆ ಕೇಳಿಸದವಳ ಮೇಲೆ ಅದರ ಭಾರ ಬೀಳಬಾರದು ಎಂಬುದನ್ನು ಇವರು ಖರ್ಚಿನ ಬಾಬತ್ತಿನಲ್ಲೂ ಮರೆಯಲಿಲ್ಲವಲ್ಲ ಎಂದು ಚಿಕ್ಕವಳು ಬೆರಗಾದಳು. ದಂಡ ತೆರುವವಳು ತಾನೇ ಎಂಬುದು ಹೊರಗೆ ಬಂದ ಮೇಲೆ ಹೊಳೆಯಿತು.

"ನನ್ನ ಇಷ್ಟು ವರ್ಷದ ವಕೀಲಿಯಲ್ಲಿ," ಎಂದರು ವಕೀಲರು ಮೆಟ್ಟಿಲಿಳಿಯುತ್ತ, "ಎದುರು ಪಾರ್ಟಿ ಪರ ವಾದ ಮಾಡಿದ ಕಕ್ಷಿದಾರರು ನೀವೊಬ್ಬರೇ. ನನ್ನ ಫೀಸು ನೀವೇ ಕೊಡ್ತೀರೋ, ನಿಮ್ಮ ಅಕ್ಕ ಕೊಡ್ತಾರೋ?"

ಹೊಸ ಸಮನ್ಸು ಬಂದ ದಿನ ಅಮೀನನೊಂದಿಗೆ ಅವಳು ಹಿಂದಿನ ಓಣಿಗೆ ಹೋದಳು. ಮಷೀನಿನ ಗುರುಗುರು ಸದ್ದು ಕಾಲಡಿಯ ಕಲ್ಲಿಗೂ ಹತ್ತಿತ್ತು.

"ಈ ಗದ್ದಲದಲ್ಲಿ ಮುಂದುಗಡೆ ಬಾಗಿಲು ಮುರಿದುಬಿದ್ರೂ ಕೇಳಿಸಲ್ಲ," ಎಂದ ಅಮೀನ. "ಅವತ್ತು ನನ್ನ ಗೆಣ್ಣು ಸವೆದಿದ್ದು ದಂಡವಾಯ್ತು."

ಬಾಗಿಲು ತೆರೆದೇ ಇತ್ತು. ಗಾಜು ಉಜ್ಜುವ ಕೆಂಪು ಪುಡಿ ಮೆತ್ತಿದ ಏಪ್ರನ್ನಿನಲ್ಲಿ ಅಕ್ಕ ಹೊರಬಂದಳು. ಸೊರಗಿದ್ದಳು. ತಂಗಿಯನ್ನು ನೋಡಿ ನಿಂತಲ್ಲೇ ನಿಂತಳು.

"ಗುರುತು ಹೇಳಿ," ಎಂದ ಅಮೀನ.

"ಅಕ್ಕ," ಎಂದಳು ಚಿಕ್ಕವಳು.

"ಅಕ್ಕ ನಿಮಗೆ. ಕೋರ್ಟಿಗೆ ಹೆಸರು ಬೇಕು ತಾಯಿ."

ಹುಟ್ಟಿದಾಗಿನಿಂದ ಅವಳು ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ದಾವೆಯ ಕಾಗದದಲ್ಲೂ ಅದನ್ನು ಬರೆದವರು ವಕೀಲರೇ. ಈಗ ಹೇಳಿದಳು, ಮೆಲ್ಲಗೆ, ಪೂರ್ತಿಯಾಗಿ. ಹೇಳಿದ ಮೇಲೆ ಎದುರಿಗೆ ನಿಂತವಳು ತನಗೆ ಅಕ್ಕ ಮಾತ್ರವಲ್ಲ, ಒಬ್ಬ ವ್ಯಕ್ತಿಯೂ ಹೌದು ಎಂದು ಮೊದಲ ಸಲ ಕಂಡಂತಾಯಿತು.

"ಪರವಾಗಿಲ್ವೇ," ಎಂದಳು ಅಕ್ಕ. "ನನಗೊಂದು ಹೆಸರಿದೆ ಅಂತ ನಿಂಗೆ ಗೊತ್ತಿತ್ತಾ?"

ಸಮನ್ಸು ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಅರ್ಧ ಕೇಳಿದ್ದೀಯ."

"ಹೂಂ."

"ಕೊಡಲ್ಲ."

"ಅದನ್ನ ಅಲ್ಲಿ ಬಂದು ಹೇಳು."

"ಹೇಳಿದ್ರೆ? ಕೇಳ್ತಾರಾ?"

ಆ ಹಾಲನ್ನು, ಆ ಕೂಗನ್ನು, ಕೆಳಗಿಟ್ಟ ಪೆನ್ನನ್ನು ಹೇಗೆ ಹೇಳುವುದೋ ಚಿಕ್ಕವಳಿಗೆ ತೋಚಲಿಲ್ಲ. "ಕೇಳ್ತಾರೆ ಅಕ್ಕ. ನೀನು ಹೇಳಿ ಮುಗಿಸೋ ತನಕ ಯಾರೂ ಮಾತಾಡಲ್ಲ."

"ನೀನೂ?"

"ನಾನೂ."

ಅಕ್ಕ ನಂಬಲಾರದವಳಂತೆ ಅವಳ ಮುಖ ನೋಡಿದಳು. ಸಹಿ ಹಾಕಿ ಅಮೀನನಿಗೆ ಪೆನ್ನು ಕೊಟ್ಟು, ಹೊಸ್ತಿಲ ಮೇಲೆ ಕೂತು ಮೊದಲ ಹಾಳೆಯಿಂದ ಓದತೊಡಗಿದಳು. ಒಳಗೆ ಗಾಜು ಕೂರಿಸಿದ ಮಷೀನು ತಾನೇ ತಿರುಗುತ್ತಿತ್ತು.

"ಗಾಜು ಸವೆದುಹೋಗುತ್ತೆ ಅಕ್ಕ," ಎಂದಳು ಚಿಕ್ಕವಳು.

"ಹೋಗ್ಲಿ," ಎಂದಳು ಅಕ್ಕ, ತಲೆಯೆತ್ತದೆ. "ನನ್ನನ್ನ ಕರೆದಿದ್ದಾರೆ."