ಅರ್ಧ ಹೊರಗಿಟ್ಟ ಕಡ್ಡಿ

ಸಿನಿಮಾಕ್ಕೆ ಮೊದಲು ಪರದೆಯ ಮೇಲೆ ‘ಇದರಲ್ಲಿರುವುದೆಲ್ಲ ನಿಜವಾಗಿ ನಡೆದದ್ದು’ ಎಂಬ ಬರಹ ಬಂತು. ನನ್ನ ಪಕ್ಕದಲ್ಲಿದ್ದ ಮುದುಕ ಹಾಲ್ವರ್, “ಹಂಗಾದ್ರೆ ಎದ್ದು ಮನೆಗೆ ಹೋಗೋಣ, ನಮ್ಗೆ ಗೊತ್ತಿರೋದೇ ತಾನೆ,” ಎಂದ. ಹಿಂದಿನ ಸಾಲಿನವರು ನಕ್ಕರು.

ಕಣಿವೆಯ ಸಮುದಾಯ ಭವನದಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಅದಕ್ಕೆ ಮೊದಲು ಒಮ್ಮೆ ಮಾತ್ರ ಕಂಡಿದ್ದೆ, ಯೋಸ್ಟೆಯಿನ್ ಸತ್ತಾಗ. ಸಿನಿಮಾ ಅದೇ ಚಳಿಗಾಲದ್ದು. ಹಿಮದ ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಇಬ್ಬರಲ್ಲಿ ಬದುಕಿ ಬಂದ ಸಿವೆರ್ಟ್ ಅದರ ನಾಯಕ. ರಾಜಧಾನಿ ಓಸ್ಲೋದ ಮೊದಲ ಪ್ರದರ್ಶನಕ್ಕೆ ಕರೆದರೆ ಅವನು ಹೋಗಿರಲಿಲ್ಲ. “ನೋಡೋದಾದ್ರೆ ನಮ್ಮೋರ ಜೊತೆ ಕೂತೇ ನೋಡ್ತೀನಿ,” ಎಂದಿದ್ದನಂತೆ. ಕಣಿವೆಯವರಿಗೆ ಅದು ಬಹಳ ಹಿಡಿಸಿತ್ತು. ಈಗ ಮುಂದಿನ ಸಾಲಿನ ನಟ್ಟನಡುವೆ ಹೊಸ ಸ್ವೆಟರ್ ತೊಟ್ಟು ಕುಳಿತಿದ್ದ.

ಯೋಸ್ಟೆಯಿನನ ಅಕ್ಕ ಬೊರ್ಗ್‌ಹಿಲ್ಡ್ ಬಾಗಿಲ ಹತ್ತಿರ, ಕೋಟು ಕಳಚದೆ ಕುಳಿತಿದ್ದಳು. ಅವಳು ಬಂದದ್ದೇ ಆಶ್ಚರ್ಯ.

ನಮ್ಮಲ್ಲಿ ಬೆಟ್ಟದ ಮೇಲಿನ ಬಿಡಾರ ಬಿಟ್ಟು ಇಳಿಯುವವರು ಒಲೆಯೊಳಗೆ ಒಣಸೌದೆ ಜೋಡಿಸಿ, ಸಂದಿಗೆ ಬೇಗ ಹೊತ್ತಿಕೊಳ್ಳುವ ಬರ್ಚ್ ಮರದ ತೊಗಟೆ ತುರುಕಿ, ಮೇಲೆ ಬೆಂಕಿಪೊಟ್ಟಣ ಇಟ್ಟು ಬರುತ್ತಾರೆ. ಮುಂದೆ ಬರುವವನಿಗೆ ಗೀರುವುದಷ್ಟೇ ಕೆಲಸ. ದೇವರನ್ನು ನಂಬದವರೂ ಇದೊಂದನ್ನು ತಪ್ಪಿಸುವುದಿಲ್ಲ. ಬೊರ್ಗ್‌ಹಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಕಡ್ಡಿಯನ್ನು ಪೊಟ್ಟಣದಿಂದ ಅರ್ಧ ಹೊರಗೆಳೆದು ಇಡುವಳು. ಮರಗಟ್ಟಿದ ಬೆರಳಿಗೆ ಪೊಟ್ಟಣ ತೆರೆಯಲು ಬರುವುದಿಲ್ಲ, ಹಲ್ಲಿನಿಂದಲಾದರೂ ಕಚ್ಚಿ ಎಳೆಯಲಿ ಎಂದು. ಗಂಡಸರು, “ಇನ್ನು ಗೀರಿಯೂ ಕೊಟ್ಬಿಡು, ಮಾರಾಯ್ತಿ,” ಎಂದು ಹಾಸ್ಯ ಮಾಡುತ್ತಿದ್ದರು.

ಆ ವರ್ಷ ಬಿಡಾರಕ್ಕೆ ಕೊನೆಯದಾಗಿ ಹೋಗಿ ಬಂದವಳು ಅವಳೇ. ಸಿವೆರ್ಟ್ ಕೆಳಗಿಳಿದು ಬಂದು ಹೇಳಿದ್ದು ಇಷ್ಟು: ಕಾಲು ಮುರಿದ ಯೋಸ್ಟೆಯಿನನನ್ನು ಬಂಡೆಯ ಮರೆಯಲ್ಲಿ ಬಿಟ್ಟು ಬಿಡಾರಕ್ಕೆ ಓಡಿದೆ, ಒಲೆ ಖಾಲಿ, ಒಂದು ಚೂರು ಸೌದೆಯಿಲ್ಲ. ಅವನನ್ನು ಅಲ್ಲಿಗೆ ಎಳೆದು ತಂದರೂ ಉಪಯೋಗವಿಲ್ಲವೆಂದು ಜನರನ್ನು ಕರೆಯಲು ನೇರ ಇಳಿದೆ. ಜನ ಹತ್ತಿ ಹೋಗುವಷ್ಟರಲ್ಲಿ ಯೋಸ್ಟೆಯಿನ್ ಕೊರಡಾಗಿದ್ದ.

ಬೊರ್ಗ್‌ಹಿಲ್ಡಳನ್ನು ಯಾರೂ ಬೈಯಲಿಲ್ಲ. ನಾವು ಬೈಯುವ ಜನವಲ್ಲ. ಬಿಡಾರ ನೋಡಿಕೊಳ್ಳುವ ಸರದಿಯ ಜೊತೆ ಅದರ ಬೀಗದಕೈ ಮನೆಯಿಂದ ಮನೆಗೆ ಹೋಗುವಾಗ ಅವಳ ಮನೆ ಬಿಟ್ಟು ಮುಂದೆ ಹೋಗತೊಡಗಿತು, ಅಷ್ಟೆ. ಮೊದಲ ವರ್ಷ ಅವಳು “ನಾನು ಸೌದೆ ಇಟ್ಟಿದ್ದೆ,” ಎನ್ನುತ್ತಿದ್ದಳು. ಮರುವರ್ಷ, “ಇಟ್ಟಿದ್ದೆ ಅನ್ಸುತ್ತೆ.” ಆಮೇಲೆ ಏನೂ ಅನ್ನಲಿಲ್ಲ. ಹೀಗೆ ಇಪ್ಪತ್ತು ವರ್ಷದ ಮೇಲಾಯಿತು.

ಸಿನಿಮಾದ ಮೊದಲ ಭಾಗ ನಮಗೆ ಹಬ್ಬ. ಸಿವೆರ್ಟನ ಪಾತ್ರದವನು ಅಪ್ಪಟ ಓಸ್ಲೋ ಮಾತು ಆಡುತ್ತಿದ್ದ.

“ಏ ಸಿವೆರ್ಟ್, ಯಾವಾಗಿಂದ ಇಷ್ಟು ನಯವಾಗಿ ಮಾತಾಡೋದು ಕಲಿತ್ಯೋ?” ಎಂದು ಯಾರೋ ಕೂಗಿದರು.

“ಅಷ್ಟು ತೆಳ್ಳಗಿದ್ದಿದ್ದು ಯಾವಾಗ, ಅದನ್ನ ಕೇಳು!” ಎಂದಳೊಬ್ಬಳು.

ಸಿವೆರ್ಟ್ ತಿರುಗಿ ಕೈಯೆತ್ತಿ ನಕ್ಕ. ಪರದೆಯಲ್ಲಿ ಹಿಮ ಗಾಳಿಗೆ ಎದುರಾಗಿ ಹಾರುತ್ತಿತ್ತು. ಹಾಲ್ವರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಯೋಸ್ಟೆಯಿನ್ ಬಿದ್ದು ಕಾಲು ಮುರಿದುಕೊಂಡಾಗ ಮಾತ್ರ ಭವನ ಸುಮ್ಮನಾಯಿತು.

ಪರದೆಯ ಸಿವೆರ್ಟ್ ಬಿಡಾರದ ಬಾಗಿಲು ಒದ್ದು ಒಳಗೆ ಬಿದ್ದ. ತೆವಳಿ ಒಲೆಯ ಬಳಿ ಬಂದ. ಒಲೆಯ ಕಬ್ಬಿಣದ ಬಾಗಿಲು ತೆಗೆದ.

ಒಲೆಯೊಳಗೆ ಸೌದೆ ಜೋಡಿಸಿತ್ತು. ಸಂದಿಯಲ್ಲಿ ತೊಗಟೆ. ಮೇಲೆ ಬೆಂಕಿಪೊಟ್ಟಣ. ಕ್ಯಾಮೆರಾ ಅದರ ಹತ್ತಿರ, ಇನ್ನೂ ಹತ್ತಿರ ಹೋಯಿತು. ಒಂದು ಕಡ್ಡಿ ಅರ್ಧ ಹೊರಗಿತ್ತು. ಅವನು ಅದನ್ನು ಹಲ್ಲಿನಿಂದ ಕಚ್ಚಿ ಎಳೆದ.

ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ತಿಳಿಯದ ಸಿನಿಮಾದವರಿಗೆ ಆ ಕಡ್ಡಿ ಕನಸಿನಲ್ಲೂ ಹೊಳೆಯಲಾರದು. ಕಂಡವನೇ ಹೇಳಿರಬೇಕು. ದೂರದ ಊರಿನವರ ಮುಂದೆ, ಅವರಿಗೆ ಅರ್ಥವಾಗದೆಂಬ ಧೈರ್ಯದಲ್ಲಿ, ಮನುಷ್ಯ ಎಂತೆಂಥ ನಿಜ ಹೇಳಿ ಹಗುರಾಗುತ್ತಾನೆ.

ಪರದೆಯ ಮೇಲೆ ಬೆಂಕಿ ಹೊತ್ತಿತು, ಪಿಟೀಲು ಶುರುವಾಯಿತು. ಅವನು ಕೈ ಕಾಯಿಸಿಕೊಂಡ, ಒರಗಿದ, ನಿದ್ದೆ ಹೋದ. ಕನಸಿನಲ್ಲಿ ಅವನ ತಾಯಿ ಬಂದು ತಲೆ ಸವರಿದಳು. ಕಣ್ಣುಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಓಸ್ಲೋದಲ್ಲಿ ಇದಕ್ಕೆ ಜನ ಅತ್ತಿದ್ದರಂತೆ.

ಇಲ್ಲಿ ಕೆಮ್ಮೂ ಇಲ್ಲ. ಒಬ್ಬರೂ ಬೊರ್ಗ್‌ಹಿಲ್ಡಳತ್ತ ತಿರುಗಲಿಲ್ಲ, ಸಿವೆರ್ಟನತ್ತಲೂ ನೋಡಲಿಲ್ಲ. ಅಷ್ಟೊಂದು ಜನ ಏಕಕಾಲಕ್ಕೆ ಒಬ್ಬನನ್ನು ನೋಡದೆ ಕುಳಿತರೆ ಹೇಗಿರುತ್ತದೆಂದು ಅಂದು ತಿಳಿಯಿತು. ಹೊಸ ಸ್ವೆಟರಿನ ಮೇಲೆ ಅವನ ಕತ್ತು ನಿಧಾನವಾಗಿ ಕೆಂಪಾಗುತ್ತ ಬಂತು. ಉಳಿದ ಸಿನಿಮಾದಲ್ಲಿ ಹಿಮ ಇನ್ನೂ ಎಷ್ಟೋ ಸಲ ತಪ್ಪು ದಿಕ್ಕಿಗೆ ಹಾರಿತು. ಯಾರೂ ನಗಲಿಲ್ಲ.

ದೀಪ ಹತ್ತಿತು. ಚಪ್ಪಾಳೆಗೆಂದು ಎತ್ತಿದ್ದ ಒಂದೆರಡು ಕೈಗಳು ತೊಡೆಯ ಮೇಲೆ ಇಳಿದವು. ಮೇಜಿನ ಮೇಲೆ ಕಾಫಿ ಇತ್ತು, ವಾಫಲ್ ಇತ್ತು, ಕಂದು ಚೀಸ್ ಇತ್ತು. ನಮ್ಮ ಜನ ಕಾಫಿ ಕುಡಿಯದೆ ಭವನ ಬಿಟ್ಟದ್ದಿಲ್ಲ. ಅಂದು ಮೇಜಿನತ್ತ ಯಾರೂ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಎದ್ದು, ಗೋಡೆಗೆ ಒತ್ತಿಕೊಂಡು ನಿಂತರು. ನಡುವೆ ದಾರಿಯಾಯಿತು.

ಬೊರ್ಗ್‌ಹಿಲ್ಡ್ ಆ ದಾರಿಯಲ್ಲಿ ನಡೆದು ಬಂದು ಸಿವೆರ್ಟನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಅವನು ಕಪ್ಪಾದ ಪರದೆಯನ್ನೇ ನೋಡುತ್ತಿದ್ದ.

“ಸಿವೆರ್ಟ್,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಉಸಿರಾಡಲು ಆಗುತ್ತಿತ್ತು. “ಸೌದೆ ಒಣಗಿತ್ತಾ?”

ಅವನು ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡ.

“ಆ ಬೇಸಿಗೆ ಮಳೆ ಜಾಸ್ತಿ. ಒಣಗಿದ್ಯೋ ಇಲ್ವೋ ಅಂತ ನಂಗೆ ಅನುಮಾನ ಇತ್ತು, ಅದಕ್ಕೇ ತೊಗಟೆ ಎರಡು ಪಟ್ಟು ಹಾಕಿದ್ದೆ. ಹೇಳು. ಒಂದೇ ಕಡ್ಡೀಲಿ ಹತ್ತಿಕೊಳ್ತಾ?”

ಗೋಡೆಯುದ್ದಕ್ಕೂ ಕಣಿವೆಯೆಲ್ಲ ಕಿವಿಯಾಗಿ ನಿಂತಿತ್ತು.

“ಹತ್ತಿಕೊಳ್ತು,” ಎಂದ ಸಿವೆರ್ಟ್. “ಒಂದರಲ್ಲೇ.”

ಅವಳು ತಲೆಯಾಡಿಸಿದಳು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ ನಮ್ಮ ನಡುವೆ ಕೋಟಿನ ಗುಂಡಿ ಬಿಚ್ಚಿ, ಎದ್ದು ಹೋಗಿ ತನಗೊಂದು ಲೋಟ ಕಾಫಿ ಬಗ್ಗಿಸಿಕೊಂಡಳು. ಹಾಲ್ವರ್ ಸದ್ದಿಲ್ಲದೆ ತನ್ನ ಬೀಗದಕೈ ಗೊಂಚಲಿನಿಂದ ಬಿಡಾರದ್ದನ್ನು ಕಳಚಿ ಅವಳ ಲೋಟದ ಪಕ್ಕ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮೇಜಿನತ್ತ ಬಂದರು. ಲೋಟ, ತಟ್ಟೆ, ಚಮಚದ ಸದ್ದು ಶುರುವಾಯಿತು.

ಮುಂದಿನ ಸಾಲಿನಲ್ಲಿ ಸಿವೆರ್ಟ್ ಕುಳಿತೇ ಇದ್ದ. ಅವನಿಗೆ ಕಾಫಿ ಬೇಕೇ ಎಂದು ಯಾರೂ ಕೇಳಲಿಲ್ಲ.