ಅಣ್ಣನ ಭುಜ, ತಂಗಿಯ ಹೆಬ್ಬೆರಳು

ಬಲಗೈ ಹೆಬ್ಬೆರಳು ಮುರಿದ ದಿನದಿಂದ ಟೈಲರಮ್ಮ ಕತ್ತರಿ ಹಿಡಿದಿರಲಿಲ್ಲ. ಮೂಳೆಯೇನೋ ಕೂಡಿತ್ತು, ಬೆರಳು ಮಾತ್ರ ಮುನಿಸಿಕೊಂಡ ನೆಂಟನಂತೆ ಸೆಟೆದುಕೊಂಡೇ ಕೂತಿತ್ತು. "ಆರು ವಾರದೊಳಗೆ ಬಗ್ಗಿಸಿ. ಇಲ್ಲದಿದ್ರೆ ಹೀಗೇ ಉಳಿದುಬಿಡುತ್ತೆ," ಎಂದಿದ್ದರು ಡಾಕ್ಟರು. ಹಿಸುಕಲು ಕೊಟ್ಟ ರಬ್ಬರ್ ಚೆಂಡು ಮೂರನೇ ದಿನಕ್ಕೆ ಮಂಚದ ಕೆಳಗೆ ಸೇರಿತು. ಬಟ್ಟೆ ಕತ್ತರಿಸುವ ಮೇಜನ್ನು ಅಂಗಡಿಯ ಸಹಾಯಕಿಗೇ ಬಿಟ್ಟುಕೊಟ್ಟು, ತಾನು ಅಳತೆ ಬರೆದುಕೊಂಡು ಕೂರುವುದೆಂದು ಅವಳು ಒಳಗೊಳಗೇ ತೀರ್ಮಾನಿಸುತ್ತಿದ್ದಳು. ಇಪ್ಪತ್ತು ವರ್ಷ ಕತ್ತರಿ ಆಡಿಸಿದವಳಿಗೆ ಅದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹರಟೆಗೆ ಕೂತ ಹಾಗೆ.

ಅಣ್ಣ ಬಂದದ್ದು ಆಗ. ಲಿಫ್ಟ್ ರಿಪೇರಿ ಮಾಡುವವನು. ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ಕದ್ದುಕೊಂಡು ಏಳುವವನು. ಕಂಕುಳಲ್ಲಿ ಧೂಳು ಹಿಡಿದ ಡಬ್ಬ.

"ಬಾಗಿಲು ತೆರೆಯುತ್ತಿದೆ. ದಯವಿಟ್ಟು ದಾರಿ ಬಿಡಿ," ಎಂದ, ಲಿಫ್ಟಿನೊಳಗಿನ ಹೆಂಗಸಿನ ದನಿಯಲ್ಲಿ.

"ಏನಣ್ಣ ಅದು?"

"ಅಟ್ಟದ ಮೇಲಿತ್ತು ಕಣೇ ಪುಟ್ಟಿ. ಗುಂಡಣ್ಣ ಇನ್ನೂ ಬದುಕಿದ್ದಾನೆ!"

ಗುಂಡಣ್ಣ ಎಂದರೆ ಅವರ ಚಿಕ್ಕಂದಿನ ವಿಡಿಯೋ ಗೇಮಿನ ನಾಯಕ, ಡೊಳ್ಳುಹೊಟ್ಟೆಯ ಪೋಸ್ಟ್‌ಮ್ಯಾನ್. ಹೆಸರು ಇವರೇ ಇಟ್ಟದ್ದು. ಹಳ್ಳ ಹಾರಿ, ಬಸವನಹುಳು ತುಳಿದು ಕಾಗದ ತಲುಪಿಸುವುದು ಅವನ ಉದ್ಯೋಗ. ಆಗ ಇಬ್ಬರು ಮಕ್ಕಳಿಗೆ ಒಂದೇ ರಿಮೋಟು. ಜಗಳ ತಾಳಲಾರದೆ ಅಮ್ಮ ತೀರ್ಪು ಕೊಟ್ಟಿದ್ದಳು: ಎಡ ಅರ್ಧ ಅಣ್ಣನದು, ಬಲ ಅರ್ಧ ತಂಗಿಯದು. ಓಡಿಸುವವನು ಅವನು, ಹಾರಿಸುವವಳು ಇವಳು. ಒಂಟಿಯಾಗಿ ಆಡಲು ಇಬ್ಬರಿಗೂ ಇವತ್ತಿಗೂ ಬಾರದು.

"ನನ್ನ ಬಲಗೈ ರಜದ ಮೇಲಿದೆ."

"ನನ್ನ ಎಡಗೈ ಒಂದೇ ಏನ್ ಮಾಡುತ್ತೆ? ಓಡಿಸಿ ಓಡಿಸಿ ಹಳ್ಳಕ್ಕೆ ಹಾಕುತ್ತೆ. ಬಾ, ಕೂತ್ಕೋ."

ಅದೇ ಸಂಗೀತ, ಅದೇ ಮೂರು ಮೋಡ. ಮೂವತ್ತು ವರ್ಷದಲ್ಲಿ ಬೀದಿ ಅಗಲವಾಗಿತ್ತು, ಅಣ್ಣನ ಹಣೆ ಅದಕ್ಕಿಂತ ಅಗಲವಾಗಿತ್ತು. ಮೂರನೇ ಹಂತದ ದೊಡ್ಡ ಹಳ್ಳ ಮಾತ್ರ ಒಂದಂಗುಲ ಸರಿದಿರಲಿಲ್ಲ. ಹೆಬ್ಬೆರಳು ನಿಧಾನಕ್ಕೆ ಬಗ್ಗಿತು. ಅಷ್ಟರಲ್ಲಿ ಗುಂಡಣ್ಣ ದಡದಿಂದ ಜಾರಿ ಹೋಗಿದ್ದ.

"ಟೈಲರಮ್ಮನಿಗೆ ಗುಂಡಿ ಒತ್ತೋದು ಕಷ್ಟವಾ!" ಎಂದ ಅಣ್ಣ, ಈ ಸಲ ಡಾಕ್ಟರ ದನಿಯಲ್ಲಿ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಆಟ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮತ್ತೆ ಅದೇ ಮೋಡದ ಕೆಳಗೆ ತಂದು ನಿಲ್ಲಿಸಿತು. ಹತ್ತು ಸಲಕ್ಕೇ ಚೆಂಡಿಗೆ ಬೇಸತ್ತ ಬೆರಳು ಇಲ್ಲಿ ಇನ್ನೂರು ಸಲ ಬಗ್ಗಿದ್ದು ಅವಳ ಗಮನಕ್ಕೇ ಬರಲಿಲ್ಲ.

ದಿನಾ ಸಂಜೆ ಅಣ್ಣ ಕೆಲಸದಿಂದ ನೇರ ಇಲ್ಲಿಗೇ ಬರತೊಡಗಿದ. ಮೂರನೇ ವಾರ ಹಳ್ಳ ದಾಟಿದರು. ಅಣ್ಣ ಕುಣಿದ ರಭಸಕ್ಕೆ ಕುರ್ಚಿಯ ಕಾಲು ಸಡಿಲವಾಯಿತು. ಆದರೆ ನಾಲ್ಕನೇ ವಾರ ಮತ್ತೆ ಬೀಳಲು ಶುರು. ಐದನೇ ವಾರವಂತೂ ಒಂದು ಸಲವೂ ದಾಟಲಿಲ್ಲ.

"ಸಾಕಣ್ಣ," ಎಂದಳು, ರಿಮೋಟು ಅವನ ಮಡಿಲಿಗೆ ಹಾಕಿ. "ಬೆರಳು ಹಿಂದಕ್ಕೆ ಹೋಗ್ತಿದೆ. ನಾಳೆ ಕತ್ತರಿನ ಅಂಗಡಿ ಹುಡುಗಿ ಕೈಗೇ ಕೊಟ್ಟುಬಿಡ್ತೀನಿ."

ಅಣ್ಣ ರಿಮೋಟನ್ನು ಮತ್ತೆ ಅವಳ ಕಡೆಗೇ ತಳ್ಳಿದ. ಗಂಡನನ್ನು ಕರೆದೊಯ್ಯಲು ಮೊದಲ ವಾರದಿಂದಲೂ ಬಂದು ಆಟ ನೋಡುತ್ತಿದ್ದ ಅತ್ತಿಗೆ ಅಂದೂ ಬಾಗಿಲಲ್ಲೇ ನಿಂತಿದ್ದಳು. ಕಾರು ಓಡಿಸಲು ಕಲಿಸುವವಳು. ಯಾರು ಬ್ರೇಕು ಯಾವಾಗ ತುಳಿದರೆಂದು ಪಕ್ಕದಲ್ಲಿ ಕೂತು ನೋಡುವುದೇ ಅವಳ ಕೆಲಸ.

"ಎಲ್ಲಿ, ಇನ್ನೊಂದು ಸಲ ಬೀಳಿ," ಎಂದಳು.

ಬಿದ್ದರು.

"ಮೊದಲನೇ ವಾರ ಈಚೆ ದಡದಿಂದ ಜಾರ್ತಿದ್ರಿ. ಈಗ ಆಚೆ ದಡ ಸಿಗದೆ ಬೀಳ್ತಿದೀರಿ. ಆವಾಗ ತಡ, ಈಗ ಆತುರ. ಯಾವಾಗ ಒತ್ತಬೇಕು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ಅಣ್ಣನ ಭುಜ ನೋಡ್ಕೊಂಡು ಒತ್ತೋದು ಅತ್ತಿಗೆ. ಹಳ್ಳ ಬಂದಾಗ ಎಡಭುಜ ಮೇಲೇಳುತ್ತೆ. ನಾನು ಟಿವಿ ಯಾವತ್ತು ನೋಡಿದೀನಿ?"

ಅತ್ತಿಗೆ ಗಂಡನ ಕಡೆ ತಿರುಗಿದಳು. "ಏನ್ರೀ, ಭುಜ ಯಾವಾಗ ಎತ್ತುತ್ತಿದೀರಿ?"

ಅಣ್ಣ ಕಿವಿ ಕೆರೆದುಕೊಂಡ. "ಅವಳ ಬೆರಳು ನಿಧಾನ ಅಲ್ವಾ... ಒಂಚೂರು ಮೊದಲೇ ಎತ್ತುತ್ತಿದ್ದೆ. ಎರಡನೇ ವಾರದಿಂದ."

ಟೈಲರಮ್ಮ ತನ್ನ ಹೆಬ್ಬೆರಳನ್ನೇ ನೋಡಿದಳು, ಬೇರೆ ಯಾರದೋ ಬೆರಳು ನೋಡುವ ಹಾಗೆ.

"ಹಾಗಾದ್ರೆ ಇದು..."

"ಸರಿಹೋಗಿದೆ ಕಣೇ! ಇವರ ಭುಜಕ್ಕೇ ಇನ್ನೂ ಸುದ್ದಿ ಮುಟ್ಟಿಲ್ಲ," ಎಂದು ಅತ್ತಿಗೆ ಗಂಡನ ಎರಡೂ ಭುಜ ಒತ್ತಿ ಹಿಡಿದಳು. "ಈಗ ಟಿವಿ ನೋಡಿ ಒತ್ತು."

ಗುಂಡಣ್ಣ ಓಡಿದ. ಹಳ್ಳ ಬಂತು. ಪಕ್ಕದಲ್ಲಿ ಅಣ್ಣ ಭುಜ ಎತ್ತಲಾಗದೆ ಒದ್ದಾಡುತ್ತಿದ್ದ. ಅವಳು ಅತ್ತ ತಿರುಗಲಿಲ್ಲ. ದಡದ ಕೊನೇ ಇಟ್ಟಿಗೆ ಕಂಡಿತು, ಒತ್ತಿದಳು. ಡೊಳ್ಳುಹೊಟ್ಟೆ ಗಾಳಿಯಲ್ಲಿ ತೇಲಿ ಆಚೆ ದಡಕ್ಕೆ ಇಳಿಯಿತು. ಮೂವರೂ ಕೂಗುತ್ತಿರುವಾಗಲೇ ಒಂದು ಬಸವನಹುಳು ಬಂದು ಗುಂಡಣ್ಣನನ್ನು ಮುಗಿಸಿತು.

"ಕೆಳಗೆ ಹೋಗುತ್ತಿದೆ," ಎಂದಳು ಅಣ್ಣನ ಬಾಯಲ್ಲಿ ಲಿಫ್ಟಿನ ಹೆಂಗಸು.

ನಗು ನಿಲ್ಲುವ ಮೊದಲೇ ಟೈಲರಮ್ಮ ಫೋನು ತೆಗೆದು, ಬಲಗೈ ಹೆಬ್ಬೆರಳಲ್ಲೇ ಅಂಕಿಗಳನ್ನು ಒತ್ತಿ, ಸಹಾಯಕಿಗೆ ಕರೆ ಮಾಡಿದಳು.

"ಆ ನೀಲಿ ಬಟ್ಟೆ ಕತ್ತರಿಸಬೇಡಮ್ಮ. ಮೇಜಿನ ಮೇಲೆ ಹರಡಿಟ್ಟು, ಕತ್ತರಿಗೆ ಒಂದು ಹನಿ ಎಣ್ಣೆ ಬಿಟ್ಟಿರು. ಬೆಳಗ್ಗೆ ಬರ್ತೀನಿ."